ಕಿರು ಉಪಗ್ರಹಗಳ ದಿಕ್ಸ್ಥೈರ್ಯ

2010ರ ಜುಲೈ 12ರಂದು ಕಕ್ಷೆ ಸೇರಿದ, ಬೆಂಗಳೂರು ಮತ್ತು ಹೈದರಾಬಾದಿನ ವಿದ್ಯಾರ್ಥಿಗಳ ‘ಸ್ಟಡ್‌ಸ್ಯಾಟ್’ ಒಂದು ಕಿಲೋಗ್ರಾಮಿಗಿಂತಲೂ ಹಗುರವಾದುದು. ಇಷ್ಟು ಹಗುರವಾದ ಉಪಗ್ರಹವನ್ನು ವಿದ್ಯುಚ್ಛಕ್ತಿಯ ವೆಚ್ಚವಿಲ್ಲದೆ ದಂಡಕಾಂತವೊಂದರಿಂದಲೇ ನೆಲೆನಿಲ್ಲಿಸಬಹುದು. ಕಾಂತವು ದಿಕ್ಸೂಚಿಯ ಮುಳ್ಳಿನಂತೆ ಭೂಕಾಂತಕ್ಷೇತ್ರವನ್ನು ಅನುಸರಿಸುತ್ತದೆ. ಮೃದುಕಾಂತೀಯ ಮಿಶ್ರಲೋಹದ ಸರಳುಗಳು ತೂಗಾಟದ ಶಕ್ತಿಯನ್ನು ಶಾಖವಾಗಿ ಪರಿವರ್ತಿಸುತ್ತವೆ.

ಮಂಡ್ಯ, ಮದ್ದೂರು, ಮಳವಳ್ಳಿಗಳು ಕಾಂತೀಯ ವಿಷುವದ್ರೇಖೆಗೆ ಸಮೀಪವಾದುದರಿಂದ ಅಲ್ಲಿ ಕ್ಷೇತ್ರವು ಬಹುಮಟ್ಟಿಗೆ ನೆಲಕ್ಕೆ ಸಮಾಂತರ. ಕಾಂತಧ್ರುವಗಳ ಬಳಿ ಲಂಬ. ಆದಕಾರಣ ಕಾಂತದ ಅಕ್ಷದಲ್ಲಿಟ್ಟ ಕ್ಯಾಮರಾ ಮಂಡ್ಯದ ಮೇಲೆ ದಿಗಂತದತ್ತ ನೋಡೀತೇ ಹೊರತು ಕೆಳಗಿನ ಕಬ್ಬಿನ ಗದ್ದೆಗಳನ್ನು ಕಾಣದು.

ಹಾರಿದ ಮೇಲೆ ತಿದ್ದಲು ಉಪಾಯವಿಲ್ಲ. ಈ ಚಲನೆಯನ್ನು ನಾವು ಮೊದಲೇ ಗಣಕಯಂತ್ರದಲ್ಲಿ ಅನುಕರಿಸಿ ನೋಡಬೇಕು. ಆಯ್ಲರನ ಸಮೀಕರಣಗಳನ್ನು ಕಿರುಕಾಲಾಂಶಗಳಲ್ಲಿ ಬಿಡಿಸುವಾಗ, ಸರಳುಗಳನ್ನು ಕೈಬಿಟ್ಟು ಕ್ಷೇತ್ರವನ್ನು ಸ್ಥಿರವೆಂದಿಟ್ಟರೆ ಒಟ್ಟು ಶಕ್ತಿಯು ಬದಲಾಗಕೂಡದು. ಅದು ತಾನಾಗಿ ಕುಗ್ಗಿದರೆ, ಕಂಡುಬಂದ ಸ್ಥೈರ್ಯವು ಲೆಕ್ಕದ ದೋಷವೇ ಹೊರತು ಉಪಗ್ರಹದ ಗುಣವಲ್ಲ.