ಬಾತುಬೇಟೆಯ ಮೊದಲ ಪಾಠ

ಸರಯೂ ತೀರದ ಕತ್ತಲೆಯಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ದಶರಥನು ಬಾಣ ಬಿಟ್ಟ ಕಥೆಯನ್ನು ಅರಿಯದವರಾರು? ಕಣ್ಣಿಗೆ ಕಾಣುವ ಮುನ್ನ ಕೈ ಓಡಿದುದರ ಫಲವದು. ಅಮೆರಿಕದಲ್ಲಿ ಕಾಡುಬಾತುಗಳ ಬೇಟೆಗೆ ಹೊಸದಾಗಿ ಹೊರಡುವವನಿಗೂ ಇದೇ ಮೊದಲ ಪಾಠ: ಗುರುತು ಹಿಡಿಯದೆ ಗುಂಡು ಹಾರಿಸಬಾರದು.

ಅಲ್ಲಿ ಬೇಟೆಗೆ ಋತುವುಂಟು, ಹೊತ್ತುಂಟು, ಲೆಕ್ಕವೂ ಉಂಟು. ದಿನವೊಂದಕ್ಕೆ ಇಷ್ಟೇ ಹಕ್ಕಿಗಳೆಂಬ ಮಿತಿಯಿದೆ. ಕೆಲವು ಜಾತಿಗಳಿಗೆ ಇನ್ನೂ ಬಿಗಿಯಾದ ಮಿತಿ. ಮಲ್ಲಾರ್ಡ್ ಎಂಬ ಬಾತಿನಲ್ಲಿ ಗಂಡಿನ ತಲೆ ಹೊಳೆಯುವ ಹಸಿರು, ಹೆಣ್ಣಿನ ಮೈ ಕಂದು. ನಸುಬೆಳಕಿನಲ್ಲಿ ಹಾರಿಬರುವಾಗ ಇದನ್ನು ತಿಳಿಯುವುದು ಸುಲಭವಲ್ಲ. ಆದುದರಿಂದ ಹೊಸಬನು ಮೊದಲು ದುರ್ಬೀನು ಹಿಡಿದು ಜೌಗಿನ ದಂಡೆಯಲ್ಲಿ ಕುಳಿತು, ಮೈಬಣ್ಣ, ರೆಕ್ಕೆಯ ಬಡಿತ, ಕೂಗುಗಳನ್ನು ಕಲಿಯಬೇಕು. ಮರೆಯಲ್ಲಿ ಅಡಗುವುದು, ಸೋಗಿನ ಬಾತುಗಳನ್ನು ನೀರಿನಲ್ಲಿ ತೇಲಿಬಿಟ್ಟು ಹಿಂಡನ್ನು ಸೆಳೆಯುವುದು ಆಮೇಲಿನ ಮಾತು.

ತಳಕ್ಕೆ ಬಿದ್ದ ಸೀಸದ ಚರೆಗಳನ್ನು ನುಂಗಿ ಬಾತುಗಳು ವಿಷವೇರಿ ಸಾಯುತ್ತಿದ್ದವು. 1991ರಿಂದ ಬಾತುಬೇಟೆಗೆ ಸೀಸವನ್ನು ಆ ದೇಶದಾದ್ಯಂತ ನಿಷೇಧಿಸಿದ್ದಾರೆ. ಉಕ್ಕು ಮೊದಲಾದವುಗಳ ಚರೆ ಬಳಕೆಗೆ ಬಂದಿದೆ. 16 ವರ್ಷ ತುಂಬಿದ ಬೇಟೆಗಾರರು 1934ರಲ್ಲಿ ಆರಂಭವಾದ ‘ಡಕ್ ಸ್ಟ್ಯಾಂಪ್’ ಎಂಬ ಚೀಟಿಯನ್ನು ಕೊಳ್ಳಲೇಬೇಕು. ಅದರಿಂದ ಬಂದ ಹಣದ ಬಹುಪಾಲು ಹಕ್ಕಿಗಳ ನೆಲೆಯಾದ ಜೌಗುಭೂಮಿಯ ರಕ್ಷಣೆಗೆ ಸಲ್ಲುತ್ತದೆ.

ನಮ್ಮ ದೇಶದಲ್ಲಿ ಕಾಡುಬಾತುಗಳ ಬೇಟೆ ನಿಷಿದ್ಧ. ಆದರೆ ದುರ್ಬೀನಿನ ಪಾಠಕ್ಕೆ ಅಡ್ಡಿಯೇನೂ ಇಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಕ್ಕಳನ್ನು ಒಮ್ಮೆ ಕರೆದೊಯ್ದು, ತಲೆಯ ಮೇಲಿನ ಎರಡು ಕಪ್ಪು ಪಟ್ಟೆಗಳನ್ನು ಅವರೇ ಕಂಡುಹಿಡಿಯಲಿ ಎಂದು ಸುಮ್ಮನೆ ಕುಳಿತುಕೊಳ್ಳಿರಿ.