ನಾಲ್ಕು ವರ್ಷ ಮಿಡಿದ ತಂಡ

ಕಪ್ಪು ಹಿನ್ನೆಲೆಯ ಮೇಲೆ ಬೆಟ್ಟಸಾಲಿನಂತೆ ಏರಿಳಿಯುವ ಬಿಳಿ ಗೆರೆಗಳು. ಹುಡುಗರ ಟೀ ಷರ್ಟುಗಳ ಮೇಲೆ ಈ ಚಿತ್ರವನ್ನು ನೀವೂ ನೋಡಿರಬಹುದು. ಇದು ಕಲಾವಿದನ ಕಲ್ಪನೆಯಲ್ಲ. 1967ರಲ್ಲಿ ಕೇಂಬ್ರಿಜ್‌ನಲ್ಲಿ ಜೋಸೆಲಿನ್ ಬೆಲ್ ಗುರುತಿಸಿದ ಮೊದಲ ಪಲ್ಸಾರ್‌ನ ರೇಡಿಯೊ ಮಿಡಿತಗಳನ್ನು ಒಂದರ ಕೆಳಗೊಂದು ಜೋಡಿಸಿದ ನಕ್ಷೆ. ಅದನ್ನು ಲೋಕಪ್ರಸಿದ್ಧಗೊಳಿಸಿದ್ದು ಮಾತ್ರ ಖಗೋಳ ವಿಜ್ಞಾನಿಗಳಲ್ಲ, 'ಜಾಯ್ ಡಿವಿಷನ್' ಎಂಬ ರಾಕ್ ತಂಡ!

1976ರ ಜೂನ್. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಸಣ್ಣ ಸಭಾಂಗಣವೊಂದರಲ್ಲಿ 'ಸೆಕ್ಸ್ ಪಿಸ್ಟಲ್ಸ್' ತಂಡದ ಅಬ್ಬರದ ಕಾರ್ಯಕ್ರಮ. ಅದನ್ನು ಕೇಳಿದ ಬರ್ನಾರ್ಡ್ ಸಮ್ನರ್ ಮತ್ತು ಪೀಟರ್ ಹುಕ್‌ಗೆ 'ನಾವೂ ಯಾಕೆ ಬಾರಿಸಬಾರದು?' ಎನ್ನಿಸಿತು. ಹುಕ್ ಮರುದಿನವೇ ಗಿಟಾರ್ ಕೊಂಡು ತಂದರು. ಹಾಡಲು ಇಯಾನ್ ಕರ್ಟಿಸ್, ಡ್ರಮ್ ಬಾರಿಸಲು ಸ್ಟೀಫನ್ ಮಾರಿಸ್ ಬಂದು ಸೇರಿದರು. ಮೊದಲು 'ವಾರ್ಸಾ' ಎಂದಿದ್ದ ಹೆಸರು 1978ರಲ್ಲಿ ಬದಲಾಯಿತು.

ದೊಡ್ಡ ಕಂಪನಿಗಳ ಹಂಗು ಅವರಿಗೆ ಬೇಕಾಗಲಿಲ್ಲ. ಟಿ.ವಿ. ನಿರೂಪಕ ಟೋನಿ ವಿಲ್ಸನ್ ಮತ್ತು ಗೆಳೆಯರು ಆಗಷ್ಟೇ ಕಟ್ಟಿದ್ದ 'ಫ್ಯಾಕ್ಟರಿ' ಎಂಬ ಪುಟ್ಟ ಸಂಸ್ಥೆ ಲಾಭದಲ್ಲಿ ಅರ್ಧ ಪಾಲನ್ನು ಕಲಾವಿದರಿಗೇ ಕೊಡುತ್ತಿತ್ತು. 1979ರ ಜೂನ್‌ನಲ್ಲಿ ಮೊದಲ ಧ್ವನಿಮುದ್ರಿಕೆ 'ಅನ್‌ನೋನ್ ಪ್ಲೆಷರ್ಸ್' ಹೊರಬಂತು. ಪಲ್ಸಾರ್ ಚಿತ್ರ ಇದ್ದದ್ದು ಅದರ ಹೊದಿಕೆಯ ಮೇಲೆ. ವಿಮರ್ಶಕರು ಮೆಚ್ಚಿದರು, ಕೇಳುಗರು ಬೆಳೆದರು.

ಆದರೆ ಅದೇ ವರ್ಷದ ಆರಂಭದಲ್ಲಿ ಕರ್ಟಿಸ್‌ಗೆ ಮೂರ್ಛೆರೋಗ ಇರುವುದು ಪತ್ತೆಯಾಗಿತ್ತು. ಮೆದುಳಿನ ನರಕೋಶಗಳ ವಿದ್ಯುತ್ ಚಟುವಟಿಕೆ ಹಠಾತ್ತನೆ ಲಯ ತಪ್ಪಿದಾಗ ಮೂರ್ಛೆ ಬರುತ್ತದೆ. ನಿದ್ದೆಗೇಡು ಅದನ್ನು ಕೆರಳಿಸಬಲ್ಲದು. ಕೆಲವರಿಗಂತೂ ಮಿನುಗುವ ದೀಪವೇ ಸಾಕು. ರಾಕ್ ವೇದಿಕೆಯಲ್ಲಿ ಇವೆರಡಕ್ಕೂ ಬರವೇ? ಕೈಕಾಲು ಒದರುತ್ತಾ ಕುಣಿಯುವುದು ಕರ್ಟಿಸ್ ಶೈಲಿ. ಹೀಗಾಗಿ ನಿಜವಾದ ಮೂರ್ಛೆ ಬಂದಾಗಲೂ ಪ್ರೇಕ್ಷಕರಲ್ಲಿ ಕೆಲವರು ಅದನ್ನು ಕುಣಿತವೆಂದೇ ತಿಳಿದರು!

ರೋಗದ ಜೊತೆಗೆ ಖಿನ್ನತೆ, ಬಿರುಕುಬಿಟ್ಟ ದಾಂಪತ್ಯ. ಕಾರ್ಯಕ್ರಮಗಳು ಮಾತ್ರ ನಿಲ್ಲಲಿಲ್ಲ. 1980ರ ಮೇ 18ರಂದು, ಅಮೆರಿಕ ಪ್ರವಾಸಕ್ಕೆ ಹೊರಡುವ ಹಿಂದಿನ ದಿನ, ಕರ್ಟಿಸ್ ಆತ್ಮಹತ್ಯೆ ಮಾಡಿಕೊಂಡರು. ವಯಸ್ಸು ಬರೀ 23. ಎರಡನೆಯ ಧ್ವನಿಮುದ್ರಿಕೆ 'ಕ್ಲೋಸರ್' ಜುಲೈನಲ್ಲಿ ಬಿಡುಗಡೆಯಾದಾಗ ಹಾಡಿದವರೇ ಇರಲಿಲ್ಲ.

ಉಳಿದ ಮೂವರು ಹಳೆಯ ಹೆಸರನ್ನು ಕೈಬಿಟ್ಟು 'ನ್ಯೂ ಆರ್ಡರ್' ಆದರು. 1983ರಲ್ಲಿ ಅವರ 'ಬ್ಲೂ ಮಂಡೇ' ಜಗತ್ತನ್ನೇ ಕುಣಿಸಿತು. ಗೆಳೆಯನ ಸಂಕಟದ ಆಳ ಆಗ ತಮಗೆ ತಿಳಿಯಲೇ ಇಲ್ಲವೆಂದು ಅವರು ಮುಂದೆ ನೊಂದು ಹೇಳಿಕೊಂಡಿದ್ದಾರೆ.

ಪಲ್ಸಾರ್ ಎಂದರೆ ಕುಸಿದ ನಕ್ಷತ್ರದ ಉಳಿಕೆ. ಅದರ ಮಿಡಿತ ನಮ್ಮನ್ನು ಮುಟ್ಟುವುದು ಕುಸಿತವೆಲ್ಲ ಮುಗಿದ ಮೇಲೆ. ಮನುಷ್ಯರ ವಿಷಯದಲ್ಲಾದರೂ ಅಷ್ಟು ತಡವಾಗಬಾರದು.