ಕಡತದ ಕನ್ನಡಕ್ಕೆ ಸಾಣೆ

ಕನ್ನಡವು ನಮ್ಮ ರಾಜ್ಯದ ಆಡಳಿತ ಭಾಷೆಯೆಂದು 1963ರಲ್ಲಿ ಶಾಸನವಾಯಿತು. ಭಾಷೆ ಕಛೇರಿಯನ್ನು ಹೊಕ್ಕದ್ದು ನಿಜ. ಆದರೆ ಅನೇಕ ವೇಳೆ ಇಂಗ್ಲಿಷ್ ಪತ್ರದ ಹಳೆಯ ಅಂಗಿಯನ್ನೇ ತೊಟ್ಟು ಹೊಕ್ಕಿತು. “ತಮಗೆ ತಿಳಿಸಲು ನಿರ್ದೇಶಿಸಲ್ಪಟ್ಟಿದ್ದೇನೆ” ಎಂದು ಯಾವ ಕನ್ನಡಿಗನೂ ಮನೆಯ ಜಗಲಿಯ ಮೇಲೆ ಕುಳಿತು ಆಡಿದ್ದನ್ನು ನಾನು ಕೇಳಿಲ್ಲ.

ಗುಮಾಸ್ತರಿಗೆ ಬರವಣಿಗೆಯ ತರಬೇತಿ ಕೊಡುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ತರಗತಿಗೆ ಬರುವವರು ವ್ಯಾಕರಣ ಅರಿಯದವರೆಂದು ಹೊರಗಿನವರು ಭಾವಿಸುವುದುಂಟು. ಹಾಗೇನೂ ಇಲ್ಲ. ಅವರಲ್ಲಿ ಹಳಗನ್ನಡ ಓದಿದ ಪದವೀಧರರಿದ್ದಾರೆ. ಊಟದ ಬಿಡುವಿನಲ್ಲಿ ಸೊಗಸಾಗಿ ಕಥೆ ಹೇಳುವವರಿದ್ದಾರೆ. ಗಣಕಯಂತ್ರದ ಮುಂದೆ ಕುಳಿತೊಡನೆ ಮಾತ್ರ ಹಳೆಯ ಪತ್ರವೊಂದನ್ನು ತೆರೆದು, ಹೆಸರು, ದಿನಾಂಕಗಳನ್ನಷ್ಟೇ ಬದಲಿಸುತ್ತಾರೆ. ಹಳೆಯ ದೋಷ ಹೀಗೆ ವಂಶಪಾರಂಪರ್ಯವಾಗಿ ಇಳಿದು ಬರುತ್ತದೆ.

ನಾನು ಪಾಠಕ್ಕೆ ಇಟ್ಟುಕೊಂಡಿರುವುದು ವಿಧವಾ ವೇತನ ಬೇಡಿದ ಮುದುಕಿಯೊಬ್ಬರಿಗೆ ಹೋದ ಪತ್ರ. “ಉಲ್ಲೇಖಿತ ಅರ್ಜಿಯನ್ನು ಪರಿಶೀಲಿಸಲಾಗಿ, ಅಗತ್ಯ ದಾಖಲೆಗಳು ಲಗತ್ತಿಸಲ್ಪಡದೆ ಇರುವುದು ಕಂಡುಬಂದ ಮೇರೆಗೆ ಸೂಕ್ತ ಕ್ರಮಕ್ಕಾಗಿ ಹಿಂದಿರುಗಿಸಲಾಗಿದೆ.” ಇದನ್ನು ಗಟ್ಟಿಯಾಗಿ ಓದಿಸಿ, ಒಂದೇ ಪ್ರಶ್ನೆ ಕೇಳುತ್ತೇನೆ: ನಾಳೆ ಬೆಳಿಗ್ಗೆ ಆಕೆ ಏನು ಮಾಡಬೇಕು? ತರಗತಿ ಸುಮ್ಮನಾಗುತ್ತದೆ. ಯಾವ ದಾಖಲೆಯೆಂದು ಪತ್ರ ಹೇಳುವುದಿಲ್ಲ. ಹಿಂದಿರುಗಿಸಿದವರು ಯಾರೆಂದೂ ಹೇಳುವುದಿಲ್ಲ. ಆ ‘ಲಾಗಿದೆ’ ಎಂಬುದರ ಹಿಂದೆ ಒಂದು ಇಡೀ ಕಛೇರಿ ಅಡಗಿ ಕುಳಿತುಕೊಳ್ಳಬಹುದು. ಅರ್ಧ ಗಂಟೆ ತಿದ್ದಿದ ಮೇಲೆ ಉಳಿಯುವುದು ಇಷ್ಟು: “ನಿಮ್ಮ ಅರ್ಜಿಯೊಡನೆ ನಿಮ್ಮ ಯಜಮಾನರ ಮರಣ ಪ್ರಮಾಣಪತ್ರವಿಲ್ಲ. ಅದರ ಪ್ರತಿಯನ್ನು ತಂದುಕೊಡಿ. ಅರ್ಜಿಯನ್ನು ಮತ್ತೆ ಪರಿಶೀಲಿಸುತ್ತೇವೆ.”

ಈ ಪೀಡೆ ನಮ್ಮದೊಂದೇ ಅಲ್ಲ. ಬ್ರಿಟನ್ನಿನ ಖಜಾನೆ ಇಲಾಖೆಯವರು ಸರ್ಕಾರಿ ನೌಕರರ ಭಾಷೆಯನ್ನು ತಿದ್ದಲು ಸರ್ ಅರ್ನೆಸ್ಟ್ ಗವರ್ಸ್ ಅವರನ್ನು ಕೇಳಿಕೊಂಡರು; ಅವರ ‘ಪ್ಲೇನ್ ವರ್ಡ್ಸ್’ 1948ರಲ್ಲಿ ಹೊರಬಂದಿತು. ಗವರ್ಸ್ ತಾವೇ ಸರ್ಕಾರಿ ಸೇವೆಯಲ್ಲಿ ಪಳಗಿದವರು. ಅವರ ತಿದ್ದುಪಡಿಯಲ್ಲಿ ಪಂಡಿತರ ಗದರಿಕೆಯಿಲ್ಲ. 1954ರ ಸಮಗ್ರ ಗ್ರಂಥವನ್ನು ಅವರ ವಂಶದವರೇ ಆದ ರೆಬೆಕಾ ಗವರ್ಸ್ 2014ರಲ್ಲಿ ಪರಿಷ್ಕರಿಸಿದರು. ಅಂಥದೊಂದು ಪುಸ್ತಕ ನಮ್ಮ ಪ್ರತಿ ಗುಮಾಸ್ತನ ಮೇಜಿನ ಮೇಲೂ ಇರಬಾರದೇಕೆ?

ಪುಸ್ತಕವೊಂದರಿಂದಲೇ ಕಾರ್ಯ ಮುಗಿಯುವುದೆಂದು ನಾನು ನಂಬಿಲ್ಲ. ಕಳೆದ ತರಗತಿಯಲ್ಲಿ ಒಬ್ಬ ತರುಣಿ ಎದ್ದು ನಿಂತು, “ಸಾರ್, ಹೀಗೆ ಬರೆದರೆ ಮೇಲಿನವರು ರುಜು ಹಾಕುವುದಿಲ್ಲ. ಕಛೇರಿ ಪತ್ರದ ಹಾಗಿಲ್ಲ ಎಂದು ಹಿಂದಕ್ಕೆ ಕಳಿಸುತ್ತಾರೆ” ಎಂದಳು. ಆಕೆಯ ಮಾತು ನ್ಯಾಯವಾದದ್ದು. ಕರಡು ಬರೆಯುವವರಿಗೆ ಪಾಠ ಹೇಳಿ, ಅದನ್ನು ತಿದ್ದುವವರನ್ನು ಬಿಟ್ಟರೆ, ಮಧ್ಯಾಹ್ನದೊಳಗೆ ಪತ್ರ ತನ್ನ ಹಳೆಯ ರೂಪಕ್ಕೆ ಮರಳುತ್ತದೆ. ಮುಂದಿನ ತರಗತಿಗೆ ಅಧಿಕಾರಿಗಳನ್ನೂ ಕರೆದಿದ್ದೇನೆ. ಇಬ್ಬರು ಬರುತ್ತೇವೆಂದು ತಿಳಿಸಿದ್ದಾರೆ. ಒಬ್ಬರ ಉತ್ತರದಲ್ಲಿ ‘ಲಾಗಿದೆ’ ಇಲ್ಲ.